ತೋಪಖಾನೆ ದೌಲತರಾಯನ ಮುತ್ತ್ಯಾ

ಮಟಕಿಯ ದೌಲತರಾಯನ ಮನೆಗೆ ಹೋದವರಿಗೆ ಮೊದಲು ನೀರು ಸಿಗುತ್ತಿರಲಿಲ್ಲ. ಮೊದಲು ಚಿತ್ರ ನೋಡಬೇಕಿತ್ತು. ಪಡಸಾಲೆಗೆ ಕಾಲಿಟ್ಟ ಕೂಡಲೇ ಆತ ಬಂದವರ ಭುಜ ಹಿಡಿದು ಗೋಡೆಯ ಕಡೆ ತಿರುಗಿಸುತ್ತಿದ್ದ. ನೆಂಟರಿರಲಿ, ಗ್ರಾಮಸೇವಕನಿರಲಿ, ಎತ್ತಿನ ಬಾಯಿಬೇನೆಗೆ ಔಷಧಿ ಹಾಕಲು ಬಂದವನಿರಲಿ, ಯಾರಿಗೂ ಬಿಡುಗಡೆ ಇರಲಿಲ್ಲ. ಹೆಂಡತಿ ಗುರುಶಾಂತಮ್ಮ ನೀರಿನ ತಂಬಿಗೆ ಹಿಡಿದು ಒಳಬಾಗಿಲಲ್ಲಿ ನಿಂತು ಮಾತು ಮುಗಿಯುವುದನ್ನೇ ಕಾಯುತ್ತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ ಅದು ಎಷ್ಟು ಹೊತ್ತು ನಡೆಯುತ್ತದೆಂದು ತಿಳಿಯದೆ ಆಕೆಯ ಕೈ ಸೋಲುತ್ತಿತ್ತು. ಆಮೇಲೆ ಅಳತೆ ಸಿಕ್ಕಿತು: ಒಲೆಯ ಮೇಲಿನ ಹೆಸರುಬೇಳೆ ಒಂದು ಕುದಿ ಬರುವಷ್ಟು.

ಅದು ಬಣ್ಣದ ಪಟವಲ್ಲ, ಫೋಟೋ ಕೂಡ ಅಲ್ಲ. ತಾಮ್ರದ ತಗಡಿನಲ್ಲಿ ಕೂದಲೆಳೆಯಂಥ ಗೆರೆಗಳನ್ನು ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರ. ಅದರಲ್ಲಿ ಐವತ್ತರ ಆಸುಪಾಸಿನ ಒಬ್ಬ ಗಂಡಸು. ಗದ್ದದ ಕೆಳಗೆ ಇನ್ನೊಂದು ಗದ್ದ. ಕಿವಿಯ ಎರಡೂ ಕಡೆ ಸುರುಳಿ ಸುತ್ತಿದ ಬಿಳಿಗೂದಲು, ಕುರಿಮರಿಯ ಮೈಯಂತೆ. ಕೊರಳಲ್ಲಿ ಜಾಲರಿಯ ಬಟ್ಟೆ, ಅಂಗಿಗೆ ಮೇಲಿಂದ ಕೆಳಗಿನವರೆಗೆ ಗುಂಡಿ. ಒಂದು ಕೈ ಮೂರು ಕಾಲಿನ ಮೇಲೆ ನಿಂತ ಉದ್ದನೆಯ ಕೊಳವೆಯ ಮೇಲಿತ್ತು. ಇನ್ನೊಂದು ಕೈಯ ಬೆರಳು, ವೃತ್ತದೊಳಗೆ ವೃತ್ತ ಬರೆದ ಒಂದು ಹಾಳೆಯ ಮೇಲಿತ್ತು. ಹಿಂದಿನ ಕಿಟಕಿಯಾಚೆ ಕಪ್ಪು ಆಕಾಶ. ಅದರಲ್ಲಿ ಬಾಲವಿರುವ ಒಂದು ಚುಕ್ಕಿ.

ದೌಲತರಾಯ ಹೇಳುತ್ತಿದ್ದುದು ಹೀಗೆ. ಈತ ನಮ್ಮ ಮುತ್ತ್ಯಾನ ಮುತ್ತ್ಯಾ, ಅಜ್ಜನ ಅಜ್ಜ, ಭಗವಂತರಾಯ. ನಿಜಾಮರ ತೋಪಖಾನೆಯ ದರೋಗಾ, ಅಲ್ಲಿಯ ಮೇಲಧಿಕಾರಿ. ಕೈ ಇಟ್ಟಿರುವುದು ತೋಪಿನ, ಅಂದರೆ ಫಿರಂಗಿಯ ಮೇಲೆ. ಹಾಳೆಯಲ್ಲಿರುವುದು ಕೋಟೆಯ ನಕಾಶೆ, ಒಂದು ಸುತ್ತಿನೊಳಗೆ ಇನ್ನೊಂದು ಸುತ್ತು. ಆಕಾಶದಲ್ಲಿರುವುದು ಈತ ಹಾರಿಸಿದ ಗುಂಡು, ಬಾಲ ಕಾಣುವುದು ಅದರ ಬೆಂಕಿ. ಕೊರಳಿನ ಜಾಲರಿ ದರಬಾರಿನಲ್ಲಿ ಹೊದಿಸಿದ ಮರ್ಯಾದೆಯ ಉಡುಗೊರೆ, ಖಿಲ್ಲತ್ತು. ಹೀಗೆ ಎಲ್ಲದಕ್ಕೂ ಉತ್ತರವಿತ್ತು. ಮುಖ ನಮ್ಮವರ ಹಾಗಿಲ್ಲವಲ್ಲ ಎಂದು ಯಾರೂ ಕೇಳಲಿಲ್ಲ. ಮಸಿಯ ಗೆರೆಯಲ್ಲಿ ಬಿಳಿಯರೂ ಕರಿಯರೂ ಒಂದೇ ಬಣ್ಣ. ಕೇಳದಿದ್ದುದಕ್ಕೆ ಇನ್ನೊಂದು ಕಾರಣ, ಆ ಊರಿನಲ್ಲಿ ಯಾರಿಗೂ ಒಂದು ವಸ್ತುವನ್ನು ದಿಟ್ಟಿಸಿ ನೋಡುವ ಅಭ್ಯಾಸವಿರಲಿಲ್ಲ. ಹೇಳಿದ್ದನ್ನು ನೋಡುತ್ತಿದ್ದರು.

ಗುರುಶಾಂತಮ್ಮನಿಗೆ ಆ ಅಭ್ಯಾಸ ಬಂದದ್ದು ಒರಸುವ ಕೆಲಸದಿಂದ. ಪ್ರತಿ ಸೋಮವಾರ ಆ ಗಾಜಿಗೆ ಬೂದಿ ಹಚ್ಚಿ ತಿಕ್ಕಿ, ಒಳಗಿನವನ ಹಣೆಗೆ ಸರಿಯಾಗಿ ಗಾಜಿನ ಮೇಲೆ ಮೂರೆಳೆ ವಿಭೂತಿ ಎಳೆಯುವುದು ಸೊಸೆಯ ಕೆಲಸ. ತಿಕ್ಕುವಾಗ ಆಕೆ ಕಂಡಳು: ತೋಪಿನ ಬಾಯಿಗೆ ದುಂಡನೆಯ ಗಾಜು ಕೂಡಿಸಿದ್ದಾರೆ. ಗಾಲಿಗಳಿಲ್ಲ. ಕೊಳವೆಯೊಳಗೆ ಒಂದು ನಿಂಬೆಕಾಯಿ ಕೂಡ ಹೋಗುವುದಿಲ್ಲ. ಮದುವೆಯಾದ ವರ್ಷ ಒಮ್ಮೆ ಗಂಡನನ್ನು ಕೇಳಿದಳು, ತೋಪಿನ ಬಾಯಿಗೆ ಗಾಜು ಯಾಕೆಂದು. ಮದ್ದಿಗೆ ಮಳೆನೀರು ತಾಗಬಾರದೆಂದು, ಇದು ಹೆಂಗಸರಿಗೆ ತಿಳಿಯುವ ವಿಷಯವಲ್ಲ ಎಂದ. ಆಕೆ ಮತ್ತೆ ಕೇಳಲಿಲ್ಲ. ಒಪ್ಪಿದ್ದರಿಂದಲ್ಲ. ಗಂಡನ ಅಳತೆ ಸಿಕ್ಕಿತ್ತು.

ಆತನಿಗೆ ಮೂವತ್ತು ಎಕರೆ ಕರಿಹೊಲವಿತ್ತು. ಅದನ್ನು ಶಿವರಾಯ ಎಂಬವನು ಪಾಲಿಗೆ ಮಾಡುತ್ತಿದ್ದ. ತೊಗರಿಯ ರಾಶಿ ಮನೆಗೆ ಬಂದ ಮೇಲೆಯೇ ಆತನಿಗೆ ಆ ವರ್ಷ ಏನು ಬಿತ್ತಿದ್ದರೆಂದು ತಿಳಿಯುತ್ತಿದ್ದುದು. ಕರಿ ಟೊಪಿಗೆ, ಬೆಳ್ಳಿ ಹಿಡಿಯ ಬೆತ್ತ, ಇಸ್ತ್ರಿಯ ಧೋತರ; ಇಷ್ಟು ಹಾಕಿಕೊಂಡು ಪಂಚಾಯಿತಿ ಕಟ್ಟೆಗೆ ಹೋಗಿ ಬರುವುದೇ ಆತನ ಉದ್ಯೋಗ. ಪೊಲೀಸ್ ಆಕ್ಷನ್ನಿಗೆ ಮೊದಲು ಆಳಂದದ ಶಾಲೆಯಲ್ಲಿ ಏಳು ವರ್ಷ ಉರ್ದು ಕಲಿತಿದ್ದ. ಆ ವಿದ್ಯೆಯನ್ನು ಮಾತಿನ ನಡುವೆ ನಾಲ್ಕು ದರಬಾರಿ ಪದ ತೂರಿಸಲಿಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸಲಿಲ್ಲ. ಮತದಾರರ ಪಟ್ಟಿ ಬರೆಯಲು ಬಂದವನಿಗೆ ತನ್ನ ಹೆಸರಿನ ಹಿಂದೆ ತೋಪಖಾನೆ ಎಂದು ಬರೆಸಿದ್ದ. ಹಳೆಯ ಪಹಣಿಯಲ್ಲಿ ಆ ಹೆಸರು ಇರಲಿಲ್ಲ. ಅದು ತಲಾಟಿಯ ತಪ್ಪೆಂದು ಹೇಳುತ್ತಿದ್ದ.

ಇದೆಲ್ಲಕ್ಕಿಂತ ದೊಡ್ಡ ನೇಮ ಒಂದಿತ್ತು. ತೋಪಖಾನೆಯವರು ಹೊರೆ ಹೊರುವುದಿಲ್ಲ. ಹೊರೆ ಎಂದರೆ ಜೋಳದ ಚೀಲ ಎಂದುಕೊಳ್ಳಬಾರದು. ಸಂತೆಯಲ್ಲಿ ಕೊಂಡ ಬದನೆಕಾಯಿ ಕೂಡ ಹೊರೆಯೇ. ಛತ್ರಿ ಹೊರೆ. ಜ್ವರ ಬಂದ ಮಗಳು ಹೊರೆ. ಕಸ್ತೂರಿ ಮೂರು ವರ್ಷದವಳಿದ್ದಾಗ ಮೈ ಕೆಂಡವಾಗಿ ಆಳಂದದ ದವಾಖಾನೆಗೆ ಒಯ್ಯುವಾಗ, ಆತ ಬೆತ್ತ ತಿರುಗಿಸುತ್ತ ಮುಂದೆ ನಡೆದ. ಬಸುರಿಯಾಗಿದ್ದ ಗುರುಶಾಂತಮ್ಮ ಮಗುವನ್ನು ಹೊತ್ತು ಹಿಂದೆ ನಡೆದಳು. ಆ ಬಸುರು ನಿಲ್ಲಲಿಲ್ಲ. ಆಕೆ ಅದನ್ನು ಆಡಿ ತೋರಿಸಲಿಲ್ಲ, ಮರೆಯಲೂ ಇಲ್ಲ.

ಆ ಮಗಳು ಕಸ್ತೂರಿಬಾಯಿ ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಪಾಸಾದಳು. ಊರ ನಾಲ್ಕು ಹುಡುಗಿಯರ ಜೊತೆ ಬಸ್ಸಿನಲ್ಲಿ ಆಳಂದಕ್ಕೆ ಹೋಗಿ ಓದಿದವಳು. ಅಲ್ಲಿಯವರೆಗೆ ಅಪ್ಪ ತಡೆಯಲಿಲ್ಲ, ಯಾಕೆಂದರೆ ಕನ್ಯೆ ನೋಡಲು ಬಂದವರ ಮುಂದೆ ಹೇಳಲು ಎಸ್ಸೆಸ್ಸೆಲ್ಸಿ ಎಂಬ ಮಾತು ಬೇಕಿತ್ತು. ವಿಜ್ಞಾನ ಕಲಿಸುತ್ತಿದ್ದ ನಜಮುನ್ನಿಸಾ ಟೀಚರು ಕಲಬುರಗಿಯ ಕಾಲೇಜಿನ ಅರ್ಜಿಯನ್ನು ತಾವೇ ತರಿಸಿ, ಹೆಸರು, ಅಂಕ, ಹಾಸ್ಟೆಲ್ಲು ಎಲ್ಲವನ್ನೂ ತುಂಬಿ, ತಂದೆಯ ಸಹಿಯ ಜಾಗವೊಂದನ್ನು ಖಾಲಿ ಬಿಟ್ಟು ಕೊಟ್ಟಿದ್ದರು. ಮಂಗಳವಾರದೊಳಗೆ ಕಾಲೇಜಿಗೆ ಮುಟ್ಟಬೇಕಿತ್ತು.

ದೌಲತರಾಯ ಅರ್ಜಿಯನ್ನು ಮುಟ್ಟಲೂ ಇಲ್ಲ. ಬಹುಶಃ ಅದೂ ಹೊರೆ ಅನ್ನಿಸಿರಬೇಕು. ತೋಪಖಾನೆ ಮನೆಯ ಹೆಣ್ಣು ಪರಊರಿನಲ್ಲಿ ಹತ್ತು ಜಾತಿಯವರ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದಿಲ್ಲ ಎಂದ. ಗೋಡೆಯ ಚಿತ್ರದ ಕಡೆ ಬೆತ್ತ ತೋರಿಸಿ, ಆತನ ಮುಖ ನೋಡಿ ಈ ಮಾತು ಹೇಳು ಎಂದು ಮಗಳನ್ನು ಗದರಿಸಿದ. ಚೌಡಾಪುರದ ತೊಗರಿ ವ್ಯಾಪಾರಿ ಗುರಣ್ಣ ಸೋಮವಾರ ಮಗನನ್ನು ಕರೆದುಕೊಂಡು ಕನ್ಯೆ ನೋಡಲು ಬರುವುದು ಆಗಲೇ ಗೊತ್ತಾಗಿತ್ತು. ಹುಡುಗ ಒಂಬತ್ತನೇ ಇಯತ್ತೆ ಎರಡು ಸಲ ಫೇಲಾಗಿದ್ದ.

ಗುರುಶಾಂತಮ್ಮ ಜಿಡಗಾದವಳು. ಏಳನೇ ಇಯತ್ತೆಯಲ್ಲಿ ಆಕೆಯನ್ನು ಶಾಲೆ ಬಿಡಿಸಿದ್ದರು. ಬಿಡಿಸಿದ ದಿನ ಅತ್ತಳೋ ಇಲ್ಲವೋ ಆಕೆಗೆ ನೆನಪಿಲ್ಲ. ಭೂಗೋಳದ ಪುಸ್ತಕವನ್ನು ಬೇರೊಬ್ಬಳಿಗೆ ಕೊಟ್ಟದ್ದು ಮಾತ್ರ ನೆನಪಿತ್ತು, ಯಾರಿಗೆ ಕೊಟ್ಟರೆಂಬುದೂ ನೆನಪಿತ್ತು. ಮಗಳ ಅರ್ಜಿಯನ್ನು ಆಕೆ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಳು. ಸಹಿ ಎಲ್ಲಿಂದ ಬರುತ್ತದೆಂದು ಆಕೆಗೆ ಗೊತ್ತಿರಲಿಲ್ಲ.

ಸಹಿಯನ್ನು ತಂದುಕೊಟ್ಟದ್ದು ಗೆದ್ದಲು. ಶುಕ್ರವಾರ ದೌಲತರಾಯ ಚಿತ್ರದ ಮುಂದೆ ನಿಂತು ಗುರಣ್ಣನಿಗೆ ಹೇಳುವ ಮಾತನ್ನು ಒಂದು ಸಲ ಆಡಿ ನೋಡುತ್ತಿದ್ದಾಗ, ಚೌಕಟ್ಟಿನ ಮೂಲೆಯಿಂದ ಮಣ್ಣು ಉದುರಿತು. ಇಳಿಸಿ ನೋಡಿದರೆ ಹಿಂದಿನ ಹಲಗೆಯ ಮೂಲೆಗಳನ್ನು ಗೆದ್ದಲು ತಿಂದಿತ್ತು. ಮುತ್ತಜ್ಜನಿಲ್ಲದ ಗೋಡೆಯ ಮುಂದೆ ಬೀಗರನ್ನು ಕೂರಿಸುವುದಾದರೂ ಹೇಗೆ? ಶನಿವಾರ ಆಳಂದಕ್ಕೆ ಒಯ್ದು ಹೊಸ ಕಟ್ಟು ಹಾಕಿಸಿಕೊಂಡು ಬರಬೇಕೆಂದು ಅಪ್ಪಣೆಯಾಯಿತು. ಒಯ್ಯುವವರು ಯಾರು? ಶಿವರಾಯ ಹೊಲ ಹರಗಲು ಹೋಗಿದ್ದ. ಚಿತ್ರ ಎರಡು ಮೊಳ ಉದ್ದ, ತೇಗದ ಕಟ್ಟು, ಭಾರ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು ತೋಪಖಾನೆ ದೌಲತರಾಯನಿಗೆ ಒಪ್ಪುವ ಕೆಲಸವಲ್ಲ. ಹೆಂಡತಿ, ಮಗಳು ಇಬ್ಬರನ್ನೂ ಕಳಿಸಿದ. ಆ ಒಂದು ಹೊರೆಯನ್ನು ಮಾತ್ರ ತಾನೇ ಹೊತ್ತಿದ್ದರೆ ಆತ ಕೊನೆಯವರೆಗೆ ಕ್ಷೇಮವಾಗಿ ಇರುತ್ತಿದ್ದ.

ಕಟ್ಟು ಹಾಕುವ ಗೌಸಮೊಹಿದ್ದೀನನ ಅಂಗಡಿ ಆಳಂದದಲ್ಲಿ ದರ್ಗಾಕ್ಕೆ ಹೋಗುವ ದಾರಿಯಲ್ಲಿತ್ತು. ಬಸವಣ್ಣ, ಮಕ್ಕಾ, ಯಾರದೋ ತೀರಿಹೋದ ಅತ್ತೆ, ಎಲ್ಲರೂ ಒಬ್ಬರಿಗೊಬ್ಬರು ಒರಗಿ ಗಾಜಿಗಾಗಿ ಕಾಯುತ್ತಿದ್ದರು. ಅಪ್ಪ ನಡೆಸಿದ್ದ ಅಂಗಡಿಯನ್ನೇ ಗೌಸಮೊಹಿದ್ದೀನ ನಡೆಸುತ್ತಿದ್ದ, ಅಪ್ಪನ ನೇಮಗಳನ್ನೂ ಹಾಗೆಯೇ. ಚಿತ್ರವನ್ನು ಗೋಣಿಯ ಮೇಲೆ ಬೋರಲು ಹಾಕಿ ಮೊಳೆ ಕಿತ್ತು ಹಲಗೆ ಎತ್ತಿದವನು, ಒಳಗೆ ನೋಡಿ ಕೈ ನಿಲ್ಲಿಸಿದ.

"ಬಾಯಾರ, ಒಳಗೊಂದು ಕಾಗದ ಅದರಿ. ನೀವು ನೋಡಿ ಸಹಿ ಹಾಕೂತನಕ ನಾ ಮೊಳಿ ಹೊಡ್ಯಾಂಗಿಲ್ಲ."

ಗುರುಶಾಂತಮ್ಮನಿಗೆ ಅರ್ಥವಾಗಲಿಲ್ಲ. ಆತ ವಿವರಿಸಿದ. ಮೊದಲು ಜನ ಹೊಲದ ಕಾಗದಗಳನ್ನು ದೇವರ ಪಟದ ಹಿಂದೆ ಬಚ್ಚಿಡುತ್ತಿದ್ದರು. ಒಮ್ಮೆ ಒಬ್ಬ ಜಮೀನ್ದಾರನ ಮಕ್ಕಳು, ಪಟದೊಳಗಿದ್ದ ಕಾಗದವನ್ನು ಕಟ್ಟು ಹಾಕುವವನೇ ಕದ್ದನೆಂದು ಗೌಸಮೊಹಿದ್ದೀನನ ಅಪ್ಪನನ್ನು ಪೊಲೀಸ್ ಚೌಕಿಗೆ ಎಳೆದಿದ್ದರು. ಅಂದಿನಿಂದ ಆ ಅಂಗಡಿಯಲ್ಲಿ ಒಂದು ರೀತಿ ನಡೆದುಬಂದಿತ್ತು: ಒಳಗೆ ಏನು ಸಿಕ್ಕರೂ ಪಟ ತಂದವರು ಅದನ್ನು ಓದಬೇಕು, ಓದಲು ಬಾರದಿದ್ದರೆ ಓದಿಸಿ ಕೇಳಬೇಕು, ಕೇಳಿದ್ದೇನೆಂದು ಹಲಗೆಯ ಒಳಮೈಯಲ್ಲಿ ಸಹಿ ಮಾಡಬೇಕು.

"ಉರ್ದು ಅದ. ಸರಕಾರಿ ಮೊಹರ ಬಿದ್ದದ," ಎಂದ ಗೌಸಮೊಹಿದ್ದೀನ. "ಓದ್ಲಿ?"

"ಓದ್ರಿ."

ಆತ ಕಾಗದವನ್ನು ಬೆಳಕಿಗೆ ಹಿಡಿದು ಮೊದಲು ಉರ್ದುವಿನಲ್ಲಿ ಓದಿದ, ಆಮೇಲೆ ಕನ್ನಡದಲ್ಲಿ ಹೇಳಿದ. ಫಸಲಿ ಹದಿಮೂರುನೂರ ಮೂವತ್ತೈದರಲ್ಲಿ ಬರೆದದ್ದು, ಐವತ್ತು ವರ್ಷಕ್ಕೂ ಹಿಂದಿನದು. ಹೈದರಾಬಾದಿನ ರಸದಗಾಹ, ಎಂದರೆ ಚುಕ್ಕಿಗಳನ್ನು ನೋಡುವ ಕಚೇರಿ, ಅಲ್ಲಿಯ ಫರಾಶ್ ಅಂಬಾರಾಯ, ಮಟಕಿಯವನು, ಇಪ್ಪತ್ತೊಂದು ವರ್ಷ ಕಸ ಹೊಡೆದು, ಗಾಜು ಒರಸಿ, ಗುಮ್ಮಟದ ಕದ ತೆರೆಯುವ ಹಗ್ಗ ಎಳೆದು ಈಗ ನೌಕರಿ ಬಿಡುತ್ತಿದ್ದಾನೆ. ಗಾಜು ಒಡೆದ ರದ್ದಿ ತಸ್ವೀರು ಒಂದನ್ನು, ಅವನೇ ಬೇಡಿದ್ದರಿಂದ, ಅವನಿಗೆ ಕೊಡಲಾಗಿದೆ. ಹೊರಗೆ ಒಯ್ಯುವಾಗ ದರವಾಜೆಯಲ್ಲಿ ಅವನನ್ನು ತಡೆಯಬಾರದು.

ಅಂಬಾರಾಯ ಎಂದರೆ ದೌಲತರಾಯನ ಮುತ್ತ್ಯಾ, ತಂದೆಯ ತಂದೆ. ಹೈದರಾಬಾದಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದನೆಂದು ಮನೆಯಲ್ಲಿ ಕೇಳಿದ್ದರು.

"ಫರಾಶ್ ಅಂದ್ರ ಏನ್ರಿ ಚಾಚಾ?" ಕಸ್ತೂರಿ ಕೇಳಿದಳು.

"ಜಾಜಮು ಹಾಸಾಂವ, ಝಾಡಸಾಂವ ಬೇಟಿ. ನಮ್ಮ ಪರದಾದನೂ ಒಂದ ಕಚೇರ್ಯಾಗ ಅದೇ ಮಾಡ್ತಿದ್ದ."

ಕಸ್ತೂರಿ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡಳು. ಹಳೆಯ ಕಟ್ಟಿನ ರಟ್ಟಿನ ಅಂಚು ಮುಚ್ಚಿದ್ದ ಕಾಗದದ ಕೆಳತುದಿಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಹೆಸರಿದ್ದ ಕಡೆ ಗೆದ್ದಲು ತಿಂದಿತ್ತು. ಒಂದು ಶಬ್ದ, ಒಂದು ಇಸವಿ ಉಳಿದಿದ್ದವು. ಇಸವಿ ಹದಿನೇಳುನೂರ ಅರವತ್ತೆಂಟು. ಶಬ್ದವನ್ನು ಎರಡು ಸಲ ಓದಿ ಆಕೆ ನಗತೊಡಗಿದಳು. ನಗುತ್ತಲೇ ಹೇಳಿದಳು: "ಅವ್ವಾ, ಇಂವ ಚುಕ್ಕಿ ಲೆಕ್ಕಾ ಮಾಡಾಂವ. ಖಗೋಳಶಾಸ್ತ್ರಜ್ಞ. ಇದು ತೋಪಲ್ಲ, ದುರ್ಬೀನು. ಅಪ್ಪನ ಗುಂಡು ಅದಲ್ಲಾ, ಅದು ಧೂಮಕೇತು."

"ನಗಬ್ಯಾಡ," ಎಂದಳು ಗುರುಶಾಂತಮ್ಮ. "ಕಸ ಹೊಡದಾಂವ ನಗೂವಂಥದ್ದೇನೂ ಮಾಡಿಲ್ಲ."

ಆಕೆಗೆ ಗಂಡನ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಅಪ್ಪ ಹೇಳಿದ ಸುಳ್ಳನ್ನು ಮಗ ನಂಬಿದ್ದಾನೆ, ಅದು ದಡ್ಡತನ. ದಡ್ಡರ ಜೊತೆ ಬಾಳ್ವೆ ಮಾಡುವುದು ಹೊಸದೇನಲ್ಲ ಎಂದುಕೊಂಡಿದ್ದಳು. ಅಷ್ಟರಲ್ಲಿ ಗೌಸಮೊಹಿದ್ದೀನ ಹಳೆಯ ಹಲಗೆಯ ಧೂಳು ಒರಸಿ, ಇದು ನಮ್ಮಪ್ಪನ ಕೈಬರಹ ಎಂದ. ಮೇಲೆ ಅಂಗಡಿಯ ಹೆಸರು, ತಾರೀಖು. ಕೆಳಗೆ ಬೇರೆ ಮಸಿಯಲ್ಲಿ ಉರ್ದುವಿನ ಎರಡು ಸಾಲು.

"ಇದನ್ನೂ ಓದ್ಲೇನ್ರಿ?" ಆತನ ದನಿ ಸಣ್ಣದಾಗಿತ್ತು.

ಗುರುಶಾಂತಮ್ಮ ತಲೆಯಾಡಿಸಿದಳು.

"ಒಳಗಿನ ಕಾಗದ ಓದಿದ್ದೇನೆ. ಇದ್ದಲ್ಲೇ ಇಟ್ಟು ಮುಚ್ಚಬೇಕು. ದೌಲತರಾಯ, ಮಟಕಿ."

ತಾರೀಖು ಐವತ್ತೈದನೇ ಇಸವಿಯದು. ಆಕೆ ಮದುವೆಯಾಗಿ ಬಂದದ್ದು ಐವತ್ತೇಳರಲ್ಲಿ. ಬರುವ ಹೊತ್ತಿಗೆ ಭಗವಂತರಾಯ, ದರೋಗಾಗಿರಿ, ಖಿಲ್ಲತ್ತು ಎಲ್ಲವೂ ಸಿದ್ಧವಾಗಿ ಗೋಡೆಗೆ ಏರಿದ್ದವು. ಪಕ್ಕದ ಮನೆಯ ಮುದುಕಿ ಪ್ಯಾರಿಬಿ ಒಮ್ಮೆ ಹೇಳಿದ್ದಳು: ನಿಮ್ಮ ಮಾವನ ಕಾಲದಲ್ಲಿ ಆ ಪಟ ಕಾಳಿನ ಕೋಣೆಯಲ್ಲಿತ್ತು, ನಿಮ್ಮತ್ತೆ ಅದನ್ನು ಜೋಳದ ಗಡಿಗೆಗೆ ಮುಚ್ಚುತ್ತಿದ್ದಳು. ಮುದುಕಿಗೆ ನೆನಪು ತಪ್ಪಿದೆ ಎಂದು ಗುರುಶಾಂತಮ್ಮ ತಿಳಿದಿದ್ದಳು. ಈಗ ಎಲ್ಲ ಕೂಡಿ ಬಂತು. ಈ ಸುಳ್ಳು ಹಿರಿಯರಿಂದ ಬಂದದ್ದಲ್ಲ. ಇಪ್ಪತ್ತಮೂರು ವರ್ಷ ವಯಸ್ಸಿನ ದೌಲತರಾಯ ಇದೇ ಅಂಗಡಿಯಲ್ಲಿ ನಿಂತು, ಮುತ್ತ್ಯಾನ ಕಸಬರಿಗೆಯ ಸುದ್ದಿ ಓದಿ, ಸಹಿ ಮಾಡಿ, ಮುಚ್ಚಿಸಿ, ಬಸ್ಸು ಮಟಕಿ ಮುಟ್ಟುವುದರೊಳಗೆ ದುರ್ಬೀನನ್ನು ತೋಪು ಮಾಡಿಕೊಂಡಿದ್ದ; ವರ್ಷಗಳು ಕಳೆದಂತೆ ಒಳಗಿನ ಕಾಗದವನ್ನೇ ಮರೆತು ಇವರನ್ನು ಕಳಿಸಿದ್ದ. ದಡ್ಡನಲ್ಲ. ದಡ್ಡನಾಗಿದ್ದರೆ ಮೇಲಾಗಿತ್ತು.

ಗೌಸಮೊಹಿದ್ದೀನ ಹೊಸ ಹಲಗೆ ಕತ್ತರಿಸಿದ. ಕಾಗದವನ್ನು ಏನು ಮಾಡಲಿ ಎಂದು ಕೇಳಿದ. ಇದ್ದಲ್ಲೇ ಇಡಲು ಹೇಳಿ, ಗುರುಶಾಂತಮ್ಮ ಹೊಸ ಹಲಗೆಯ ಒಳಮೈಯಲ್ಲಿ ಕನ್ನಡದಲ್ಲಿ ತನ್ನ ಹೆಸರು ಬರೆದಳು. ಇಪ್ಪತ್ತು ವರ್ಷಗಳಲ್ಲಿ ಆಕೆ ಯಾವುದಕ್ಕೂ ಸಹಿ ಮಾಡಿರಲಿಲ್ಲ. ಅಕ್ಷರಗಳು ಏಳನೇ ಇಯತ್ತೆಯವೇ ಇದ್ದವು, ದುಂಡಗೆ. ಆಮೇಲೆ ಗೆದ್ದಲು ತಿಂದ ಹಳೆಯ ಹಲಗೆಯನ್ನು ಕೇಳಿ ಪಡೆದು ಸೆರಗಿನಲ್ಲಿ ಸುತ್ತಿಕೊಂಡಳು.

ಭಾನುವಾರ ಮುಂಜಾನೆ ಶಿವರಾಯ ಬಂದು ಚಿತ್ರವನ್ನು ಗೋಡೆಗೆ ಹಾಕಿದ. ದೌಲತರಾಯ ದೂರದಲ್ಲಿ ನಿಂತು ಬೆತ್ತದಿಂದ ಎಡಕ್ಕೆ, ಬಲಕ್ಕೆ ಎಂದು ತೋರಿಸುತ್ತಿದ್ದ. ಶಿವರಾಯ ಹೋದ ಮೇಲೆ ಗುರುಶಾಂತಮ್ಮ ಚಹಾ ತಂದಿಟ್ಟಳು. ಚಹಾದ ಪಕ್ಕದಲ್ಲಿ ಹಲಗೆ ಇಟ್ಟಳು, ಸಹಿ ಮೇಲೆ ಬರುವ ಹಾಗೆ. ಹಲಗೆಯ ಮೇಲೆ, ಸಹಿ ಕಾಣುವಷ್ಟು ಬಿಟ್ಟು, ಕಾಲೇಜಿನ ಅರ್ಜಿ, ಅರ್ಜಿಯ ಮೇಲೆ ಮಗಳ ಪೆನ್ನು.

ದೌಲತರಾಯನಿಗೆ ತನ್ನ ಇಪ್ಪತ್ತನಾಲ್ಕು ವರ್ಷ ಹಿಂದಿನ ಅಕ್ಷರವನ್ನು ಗುರುತಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆತ ಮೊದಲು ಕೇಳಿದ್ದು, ಯಾರ್ಯಾರು ಓದಿದರು ಎಂದು. ಗೌಸಸಾಬ ಓದಿದ, ನಾನೂ ನಿಮ್ಮ ಮಗಳೂ ಕೇಳಿದೆವು ಎಂದಳು. ಊರವರು ಯಾರಾದರೂ ಅಂಗಡಿಯಲ್ಲಿ ಇದ್ದರೇ ಎಂದು ಕೇಳಿದ. ಇರಲಿಲ್ಲ ಎಂದಳು. ಆತನಿಗೆ ಉಸಿರು ಬಂತು. ಉಸಿರಿನ ಜೊತೆ ಗತ್ತೂ ಬಂತು.

"ಕಸ ಹೊಡ್ಯಾವನ ಮೊಮ್ಮಗ ಅಂತ ಹೇಳ್ಕೋತ ಈ ಊರಾಗ ಬಾಳ್ವಿ ಮಾಡಬೇಕಿತ್ತೇನು ನಾ?"

"ಮಾಡಬಹುದಿತ್ತು. ಆ ಮನಿಷ್ಯಾ ಕಸಾ ಹೊಡದೇ ಮಾಡ್ಯಾನ."

"ನಿನಗೇನು ತಿಳೀತದ ಬೇ. ಮನೆತನದ ಹೆಸರು ಅಂದ್ರ…"

"ಹೆಸರು ನೀವೇ ಇಟ್ಕೋರಿ. ಅರ್ಜಿಗೆ ಸಹಿ ಹಾಕ್ರಿ."

"ಹಾಕಲಿಲ್ಲಂದ್ರ?"

"ನಾಳೆ ಬೀಗರ ಮುಂದ ಪಟಾ ಬಿಚ್ಚತೇನಿ. ಚೌಡಾಪುರದ ಗುರಣ್ಣ ನಿಮ್ಮ ಸಾಲ್ಯಾಗೇ ಕಲ್ತಾಂವ. ಉರ್ದು ಅವನಿಗೂ ಓದಾಕ ಬರ್ತದ."

ಚಹಾ ಆರಿ ಕೆನೆ ಕಟ್ಟಿತು. ಆತ ಚಿತ್ರದ ಕಡೆ ನೋಡಿದ. ಸುರುಳಿಗೂದಲಿನವನು ಎಂದಿನಂತೆ ಕೊಳವೆಯ ಮೇಲೆ ಕೈಯಿಟ್ಟು ಬೇರೆಲ್ಲೋ ನೋಡುತ್ತಿದ್ದ. ದೌಲತರಾಯ ಪೆನ್ನು ಹಿಡಿದ. ಸಹಿ ಹಾಕಿದ. ಗುರುಶಾಂತಮ್ಮ ಅರ್ಜಿಯನ್ನು ಎತ್ತಿಕೊಂಡು ನೋಡಿದಳು. ಅಲ್ಲಿಯೂ ಬರೆದಿದ್ದ: ತೋಪಖಾನೆ ದೌಲತರಾಯ. ಕೆಳಗೆ ಹಲಗೆಯ ಮೇಲೆ ತನ್ನದೇ ಕೈಬರಹ ಇರುವಾಗ, ಅದರ ಮೇಲೆಯೇ ಕಾಗದವಿಟ್ಟು ಹಾಗೆ ಬರೆಯಬಲ್ಲ ಮನುಷ್ಯನ ಜೊತೆ ಇನ್ನು ಮಾತು ಬೇಕಾಗಿಲ್ಲ ಎಂದು ಆಕೆಗೆ ಅನ್ನಿಸಿತು. ಮಸಿ ಆರಲೆಂದು ಊದಿ, ಅರ್ಜಿಯನ್ನು ಮಡಚಿಕೊಂಡು ಒಳಗೆ ಹೋದಳು.

ಆಕೆ ಆ ಕಾಗದವನ್ನು ಊರ ಮುಂದೆ ಓದಿಸಬೇಕಿತ್ತು ಎನ್ನುವವರು ಇರಬಹುದು. ಆಕೆಗೆ ಬೇಕಾದದ್ದು ಸಹಿ. ಅದಕ್ಕೆ ಸುಳ್ಳಿನ ಜೊತೆ ಒಂದು ಕರಾರು ಮಾಡಿಕೊಂಡಳು, ಮಾಡಿಕೊಳ್ಳುತ್ತಿದ್ದೇನೆ ಎಂದು ತಿಳಿದೇ ಮಾಡಿಕೊಂಡಳು. ಹಲಗೆಯನ್ನು ಒಲೆಗೆ ಹಾಕಲಿಲ್ಲ. ಕಾಳಿನ ಕೋಣೆಯಲ್ಲಿ ಜೋಳದ ಗಡಿಗೆಗೆ ಮುಚ್ಚಿದಳು. ದೌಲತರಾಯ ಆ ಕೋಣೆಗೆ ಕಾಲಿಡುವವನಲ್ಲ. ಆದರೆ ಹಲಗೆ ಎಲ್ಲಿದೆ ಎಂದು ಆತನಿಗೆ ಗೊತ್ತಿತ್ತು.

ಸೋಮವಾರ ಗುರಣ್ಣ ಬಂದ. ಭುಜ ಹಿಡಿದು ತಿರುಗಿಸಿ ಚಿತ್ರ ತೋರಿಸಿದ್ದಾಯಿತು. ತೋಪು, ನಕಾಶೆ, ಗುಂಡು, ಖಿಲ್ಲತ್ತು, ಒಂದೂ ಬಿಡಲಿಲ್ಲ. ಒಳಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದ ಹೆಂಡತಿಯ ಕಡೆ ಮಾತ್ರ ಆತ ನೋಡಲಿಲ್ಲ. ಗುರಣ್ಣ ಮದುವೆಯ ತಿಂಗಳ ಮಾತೆತ್ತಿದಾಗ ದೌಲತರಾಯ ಬೆತ್ತವನ್ನು ನೆಲಕ್ಕೆ ಕುಟ್ಟಿ, ಹುಡುಗಿಯನ್ನು ಕಲಬುರಗಿಗೆ ಓದಲು ಕಳಿಸುತ್ತಿದ್ದೇನೆ, ತೋಪಖಾನೆ ಮನೆತನದಲ್ಲಿ ವಿದ್ಯೆಗೆ ಎಂದೂ ಕಡಿಮೆ ಮಾಡಿಲ್ಲ, ಬೇಕಾದರೆ ನಿಮ್ಮ ಹುಡುಗನೂ ಹತ್ತನೇ ಇಯತ್ತೆ ಮುಗಿಸಿಕೊಂಡು ಬರಲಿ ಎಂದ. ಒಂದು ದಿನ ಹಿಂದೆ ಹೆದರಿಕೆಯಿಂದ ಹಾಕಿದ ಸಹಿ ಅಷ್ಟರಲ್ಲೇ ಆತನ ಸ್ವಂತ ಔದಾರ್ಯವಾಗಿತ್ತು. ಗುರಣ್ಣ ಚಹಾ ಕುಡಿಯದೆ ಎದ್ದ. ಮಗ ಅವಲಕ್ಕಿಯ ತಟ್ಟೆ ಖಾಲಿ ಮಾಡಿಯೇ ಎದ್ದ. ಮರುದಿನ ಗುರುಶಾಂತಮ್ಮ ಮಗಳ ಜೊತೆ ಕಲಬುರಗಿಯ ಬಸ್ಸು ಹತ್ತಿ, ಅರ್ಜಿಯನ್ನು ತಾನೇ ಕೊಟ್ಟು ಬಂದಳು.

ಮುಂದಿನ ಹನ್ನೆರಡು ವರ್ಷ ಹೇಳುವಂಥದ್ದೇನೂ ಇಲ್ಲ. ಕಸ್ತೂರಿಬಾಯಿ ಓದಿ ಮುಗಿಸಿ ಮೊದಲು ಜೇವರ್ಗಿಯಲ್ಲಿ, ಆಮೇಲೆ ಅಫಜಲಪುರದಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಕಲಿಸಿದಳು. ಅದೆಂಥ ಶಾಸ್ತ್ರ ಎಂದು ಯಾರಾದರೂ ಕೇಳಿದರೆ ದೌಲತರಾಯ, ತೋಪಿನ ಮದ್ದು ಹೇಗೆ ಸಿಡಿಯುತ್ತದೆ, ಗುಂಡು ಎಷ್ಟು ದೂರ ಹೋಗುತ್ತದೆ ಎಂಬ ಶಾಸ್ತ್ರ, ರಕ್ತದಲ್ಲೇ ಬಂದದ್ದು ಎನ್ನುತ್ತಿದ್ದ. ರಜೆಗೆ ಬಂದ ಮಗಳು ಕೇಳಿಸಿಕೊಂಡು ಹುಡುಗರ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತೊಂಬತ್ತೊಂದರಲ್ಲಿ ಆತ ಕಾಮಣಿ ರೋಗಕ್ಕೆ ಬಿದ್ದು ಇಪ್ಪತ್ತು ದಿನ ಮಲಗಿ ತೀರಿಕೊಂಡ. ಕೊನೆಗೆ ಆಸ್ಪತ್ರೆಗೆ ಒಯ್ಯುವಾಗ ಶಿವರಾಯ ಆತನನ್ನು ಬೆನ್ನ ಮೇಲೆ ಹೊತ್ತುಕೊಂಡು ಬಸ್ಸು ಹತ್ತಿಸಿದ. ಹಾಗೆ ನೋಡಿದರೆ ಆತ ಬಾಳೆಲ್ಲ ಯಾರದೋ ಬೆನ್ನ ಮೇಲೆಯೇ ಇದ್ದ, ಕಂಡದ್ದು ಅಂದು ಮಾತ್ರ.

ಸಮಾಧಿ ಮಾಡಿ ತಿಂಗಳಾದ ಮೇಲೆ ಗುರುಶಾಂತಮ್ಮ ಚಿತ್ರವನ್ನು ಇಳಿಸಿ ತಾನೇ ಹೊತ್ತು ಆಳಂದಕ್ಕೆ ಹೋದಳು. ಈಗ ಕರಾರು ಮುಗಿದಿತ್ತು. ಗೌಸಮೊಹಿದ್ದೀನನಿಗೆ ಎರಡು ಕೆಲಸ ಹೇಳಿದಳು. ರಟ್ಟಿನ ಅಂಚನ್ನು ಕೆಳಗೆ ಸರಿಸಿ ಇಂಗ್ಲಿಷ್ ಅಕ್ಷರ ಕಾಣುವಂತೆ ಮಾಡಬೇಕು. ಒಳಗಿನ ಉರ್ದು ಕಾಗದವನ್ನು ಹೊರತೆಗೆದು ಅದಕ್ಕೊಂದು ಬೇರೆ ಕಟ್ಟು ಹಾಕಬೇಕು. ಎರಡನ್ನೂ ತಂದು ಪಡಸಾಲೆಯ ಗೋಡೆಗೆ ಅಕ್ಕಪಕ್ಕ ಹಾಕಿದಳು. ಗಂಡನ ಫೋಟೋವನ್ನು ಎದುರು ಗೋಡೆಗೆ ಹಾಕಿದಳು, ನೋಡುತ್ತ ಇರಲಿ ಎಂದು. ಚಿತ್ರದವನ ಹಣೆಗೆ ವಿಭೂತಿ ಎಳೆಯುವುದನ್ನು ನಿಲ್ಲಿಸಿದಳು. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಹಾಗೆ ಹೇಳುವುದೆಂದು ತೀರ್ಮಾನಿಸಿದ್ದಳು.

ವರ್ಷದ ಪುಣ್ಯತಿಥಿಗೆ ನೆಂಟರೂ ಊರವರೂ ಬಂದರು. ಚೌಡಾಪುರದ ಗುರಣ್ಣ ಅಷ್ಟರಲ್ಲಿ ತೀರಿಹೋಗಿದ್ದ. ಅಂದು ಅವಲಕ್ಕಿ ತಿಂದು ಎದ್ದ ಮಗ ಬಂದಿದ್ದ, ರಸ್ತೆಯ ಗುತ್ತಿಗೆ ಹಿಡಿದು ಮೈ ತುಂಬಿಕೊಂಡಿದ್ದ. ಉರ್ದು ಓದುವವರು ಆ ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ. ಆ ಲಿಪಿ ಬಲ್ಲವರು ಒಬ್ಬೊಬ್ಬರಾಗಿ ಸತ್ತಿದ್ದರು, ಉಳಿದವರ ಕಣ್ಣು ಹೋಗಿತ್ತು. ಇಂಗ್ಲಿಷ್ ಅಕ್ಷರದ ಕಡೆ ಯಾರೂ ನೋಡಲಿಲ್ಲ. ಎಲ್ಲರ ಕಣ್ಣು ಹೊಸ ಕಟ್ಟಿನೊಳಗಿನ ಹಳದಿ ಕಾಗದದ ಮೇಲೆ, ಅದರ ದುಂಡನೆಯ ಮೊಹರಿನ ಮೇಲೆ.

"ಸನದು ಏನ್ರಿ ಅವ್ವಾರ?" ಎಂದ ಗುರಣ್ಣನ ಮಗ. ದನಿಯಲ್ಲಿ ಭಕ್ತಿ ಇತ್ತು. "ಮುತ್ತ್ಯಾರಿಗೆ ನಿಜಾಮರು ಕೊಟ್ಟದ್ದು?"

"ಸನದಲ್ಲಪಾ. ಕಸ ಹೊಡ್ಯಾವಗ ಒಡಕ ಪಟಾ ಕೊಟ್ಟು, ಬಾಗಲಾಗ ತಡೀಬ್ಯಾಡ್ರಿ ಅಂತ ಬರಕೊಟ್ಟ ಚೀಟಿ. ಕಸ ಹೊಡ್ಯಾಂವ ನಮ್ಮ ಮನಿಯಾಂವ. ಬಾಜೂಕ ಇರಾಂವ ನಮ್ಮಾಂವಲ್ಲ, ಪರದೇಶದಾಗ ಚುಕ್ಕಿ ನೋಡಾಂವ."

ಗುರಣ್ಣನ ಮಗ ನಕ್ಕ. ಅವನು ನಕ್ಕದ್ದನ್ನು ನೋಡಿ ಉಳಿದವರೂ ನಕ್ಕರು.

"ದೊಡ್ಡ ಮನೆತನದವರು ನೋಡ್ರಿ," ಎಂದ ಅವನು ಪಕ್ಕದವರಿಗೆ. "ಎಷ್ಟ ಸಣ್ಣ ಮಾಡಿ ಮಾತಾಡ್ತಾರ."

ಅವನು ಚಪ್ಪಲಿ ಬಿಟ್ಟು ಮುಂದೆ ಬಂದು, ಅಂಬಾರಾಯನ ಚೀಟಿಯ ಗಾಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅವನ ಹಿಂದೆ ಇನ್ನಿಬ್ಬರು ಒತ್ತಿಕೊಂಡರು. ಮೂರನೆಯವನು ಮಗನನ್ನು ಮುಂದೆ ತಂದು, ತೋಪು ನೋಡು ಎಂದು ಪಕ್ಕದ ಚಿತ್ರ ತೋರಿಸಿದ.

ಗುರುಶಾಂತಮ್ಮ ಒಳಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದಳು. ಎಲ್ಲರೂ ಮುಗಿಸುವುದನ್ನು ಕಾಯ್ದಳು. ಹಿಂದೆ ಒಲೆಯ ಮೇಲೆ ಹೆಸರುಬೇಳೆ ಕುದಿಯುವ ಸದ್ದು ಕೇಳಿತು.

"ನೀರ ಕುಡೀರಿ," ಎಂದಳು.